ಅಂಗಳದ ಹೂವು, ಆಸ್ಪತ್ರೆಯ ಮದ್ದು

ಹಿರೀಸಾವೆಯಂತಹ ಊರಿನ ಅಂಗಳಗಳಲ್ಲಿ ಆರೈಕೆಯಿಲ್ಲದೆಯೂ ಅರಳುವ ನಿತ್ಯಪುಷ್ಪವು ದೇವರ ಮುಡಿಗೇರುವುದುಂಟು. ಆ ಗಿಡದ ಸತ್ತ್ವವೇ ವಿನ್‌ಕ್ರಿಸ್ಟಿನ್. 1963ರಲ್ಲಿ ಅಮೆರಿಕೆಯಲ್ಲಿ ಒಪ್ಪಿಗೆ ಪಡೆದ ಈ ಸೂಜಿಮದ್ದು ಇಂದಿಗೂ ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ದೊಡ್ಡ ಆಸರೆ.

ಮದ್ದು ಮನೆಯ ಮುಂದೆಯೇ ಇರುವಾಗ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯೇಕೆ ಎಂದು ಕಷಾಯಕ್ಕೆ ಎಲೆ ಕೀಳುವ ಅಜ್ಜಿಯೂ ಇದ್ದಾಳು. ಪಾಪ, ಅಕ್ಕರೆಯೇನೋ ನಿಜ. ಆದರೆ ಒಂದು ಗ್ರಾಂ ಮದ್ದಿಗೆ ನೂರಾರು ಕಿಲೋ ಒಣಗಿದ ಎಲೆ ಬೇಕು. ಎಲೆಯ ಉಳಿದ ಸತ್ತ್ವಗಳಲ್ಲಿ ವಿಷವೂ ಉಂಟು.

ಶುದ್ಧವಾದ ಮದ್ದಿಗೂ ಕಟ್ಟುನಿಟ್ಟು ತಪ್ಪದು. ಅದು ರಕ್ತನಾಳಕ್ಕೆ ಮಾತ್ರ; ಬೆನ್ನುಹುರಿಯ ದ್ರವವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ನಾಳದಿಂದ ಹೊರಕ್ಕೆ ಸೋರಿದರೆ ಮಾಂಸ ಬೆಂದಂತಾಗುವುದು; ಸೂಜಿಯ ಬಳಿ ಉರಿಯೆಂದು ಮಗು ಅತ್ತೊಡನೆ ದಾದಿಗೆ ತಿಳಿಸಬೇಕು.

ಕೋಶವು ಎರಡಾಗಲು ಬೇಕಾದ ಸೂಕ್ಷ್ಮ ಎಳೆಗಳನ್ನು ಈ ಮದ್ದು ಕಟ್ಟಗೊಡುವುದಿಲ್ಲ. ಅಂತಹ ಎಳೆಗಳು ನರಗಳಲ್ಲಿಯೂ ಇರುವುದರಿಂದ ಬೆರಳು ಜೋಮು ಹಿಡಿಯುತ್ತದೆ, ದವಡೆ ನೋಯುತ್ತದೆ, ಮಲಬದ್ಧತೆಯಾಗುತ್ತದೆ. ಉದುರಿದ ಕೂದಲೇನೋ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಮಗು ಅಂಗಿಯ ಗುಂಡಿ ಹಾಕಲು ತಡವರಿಸಿದರೆ, ನಡೆಯುತ್ತ ಎಡವಿದರೆ, ಗದರದೆ ಅಂದೇ ವೈದ್ಯರಿಗೆ ತಿಳಿಸಬೇಕು. ಮುಂದಿನ ಸೂಜಿಯ ಪ್ರಮಾಣವನ್ನು ಅವರು ಅದನ್ನು ನೋಡಿಯೇ ನಿರ್ಧರಿಸುತ್ತಾರೆ.