ಕಾಲು ಬಿಡುವ ಪೆಡಲ್

ಈ ಸಲ ನಾನು ಸೈಕಲ್ಲಿನ ಪೆಡಲ್ ಬಗ್ಗೆ ಬರೆಯುತ್ತಿದ್ದೇನೆ ಎಂದರೆ ನಿಮ್ಮಲ್ಲಿ ಕೆಲವರು ನಗಬಹುದು. ನಗಿ, ಅಡ್ಡಿಯಿಲ್ಲ. ಮದರಸದಲ್ಲಿ ಸರ್ಫ್, ನಹ್ವ್ ಓದಿ, ಆಮೇಲೆ ಬಿ.ಎ. ಮುಗಿಸಿ, ಇಪ್ಪತ್ತು ವರ್ಷಗಳಿಂದ ಲಕ್ಷ್ಮೇಶ್ವರದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿರುವ ನನಗೂ ಬೇರಿಂಗು, ಸ್ಪ್ರಿಂಗುಗಳಿಗೂ ಎತ್ತಣ ನಂಟು? ಆದರೆ ಕಳೆದ ವರ್ಷ ನಾನೇ ದುಡ್ಡು ಕೊಟ್ಟು ತರಿಸಿದ ಒಂದು ಜೊತೆ ಪೆಡಲ್ ಹಾಕಿಕೊಂಡು ಹೋದ ನನ್ನ ತಂಗಿಯ ಮಗಳು ಮುಂಗೈ ಮೂಳೆ ಮುರಿದುಕೊಂಡು ಮನೆಗೆ ಬಂದಳು. ಅಂದಿನಿಂದ ಈ ವಿಷಯ ನನ್ನ ತಲೆಯಿಂದ ಇಳಿದಿಲ್ಲ.

ತಂಗಿಯ ಮನೆ ಬೆಟಗೇರಿಯಲ್ಲಿದೆ. ಗದಗ ಜಿಲ್ಲೆಯವರಿಗೆ ಸೈಕಲ್ ಸ್ಪರ್ಧೆ ಹೊಸತಲ್ಲ. ವಿಜಯಪುರ, ಬಾಗಲಕೋಟೆಗಳಂತೆ ನಮ್ಮ ಗದಗಿನಿಂದಲೂ ರಾಷ್ಟ್ರಮಟ್ಟದಲ್ಲಿ ಪದಕ ತಂದ ಹುಡುಗಿಯರಿದ್ದಾರೆ. ಸರಕಾರದ ಕ್ರೀಡಾ ವಸತಿ ನಿಲಯದಲ್ಲಿ ಸೈಕ್ಲಿಂಗ್ ತರಬೇತಿಯೂ ಇದೆ. 2021ರಲ್ಲಿ ರಾಷ್ಟ್ರಮಟ್ಟದ ಮೌಂಟೇನ್ ಬೈಕ್ ಸ್ಪರ್ಧೆಯೇ ಗದಗಿನಲ್ಲಿ ನಡೆಯಿತು. ಆಗ ಬೇರೆ ಬೇರೆ ರಾಜ್ಯಗಳ ಹುಡುಗಿಯರು ಕಲ್ಲು ಗುಡ್ಡಗಳಲ್ಲಿ ದಪ್ಪ ಗಾಲಿಯ ಸೈಕಲ್ ಇಳಿಸುವುದನ್ನು ಕಂಡ ನಮ್ಮ ಹುಡುಗಿಗೆ ಅದೇ ಹುಚ್ಚು ಹಿಡಿಯಿತು. ಉದ್ದ ತೋಳಿನ ಅಂಗಿ, ಟ್ರ್ಯಾಕ್ ಪ್ಯಾಂಟು, ತಲೆಗೆ ಬಿಗಿಯಾದ ಬಟ್ಟೆ, ಅದರ ಮೇಲೆ ಹೆಲ್ಮೆಟ್. ಉಡುಪಿನ ಪ್ರಶ್ನೆ ಅಷ್ಟಕ್ಕೇ ಮುಗಿಯಿತು. ಸಲ್ವಾರಿನ ಅಂಚು ಚೈನಿಗೆ ಸಿಕ್ಕಿ ಬೀಳುವ ಭಯವಂತೂ ತಪ್ಪಿತು. ನಮ್ಮ ಕಾಲದಲ್ಲಿ ಅದಕ್ಕೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದೆವು, ನೆನಪಿದೆಯೇ?

ಪೆಡಲ್ ಎಂದರೆ ನನಗೆ ನೆನಪಾಗುವುದೇ ಬೇರೆ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರದ ಉಚಿತ ಸೈಕಲ್ ಬರತೊಡಗಿದಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ವರ್ಷ ಕಳೆಯುವುದರೊಳಗೆ ಎಷ್ಟೋ ಸೈಕಲ್‌ಗಳ ಪೆಡಲ್ಲಿನ ರಬ್ಬರ್ ಉದುರಿ, ಬರೀ ಕಬ್ಬಿಣದ ಸರಳು ಉಳಿಯುತ್ತಿತ್ತು. ಹುಡುಗಿಯರು ಅದೇ ಸರಳಿನ ಮೇಲೆ ಚಪ್ಪಲಿ ಕಾಲಿಟ್ಟು ತುಳಿಯುತ್ತಾ ಬರುತ್ತಿದ್ದರು. ಪೆಡಲ್ ಹಾಳಾದರೆ ಸೈಕಲ್ ನಿಲ್ಲುವುದಿಲ್ಲವಲ್ಲ, ಹಾಗಾಗಿ ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

ನಮ್ಮ ಹುಡುಗಿ ಕೇಳಿದ್ದು ಬೇರೆ ತರಹದ ಪೆಡಲ್. ಅದರ ಹೆಸರು ಕ್ಲಿಪ್‌ಲೆಸ್. ಹೆಸರಿನಲ್ಲಿ ಕ್ಲಿಪ್ ಇಲ್ಲವೆನ್ನುತ್ತಾರೆ, ತುಳಿದರೆ ಕಾಲು ಕ್ಲಿಪ್ ಹಾಕಿದಂತೆಯೇ ಕೂರುತ್ತದೆ! ಈ ಗೊಂದಲಕ್ಕೊಂದು ಕಾರಣವಿದೆ. ಹಿಂದೆ ಸ್ಪರ್ಧೆಯ ಸೈಕಲ್‌ಗಳಲ್ಲಿ ಕಾಲ್ಬೆರಳುಗಳನ್ನು ಕಬ್ಬಿಣದ ಪಂಜರದಂಥ ಕ್ಲಿಪ್ಪಿಗೆ ತೂರಿಸಿ, ಪಟ್ಟಿಯಿಂದ ಬಿಗಿಯುತ್ತಿದ್ದರು. ಬಿದ್ದರೆ ಕಾಲು ಬಿಡಿಸಿಕೊಳ್ಳುವುದು ಕಷ್ಟ. 1984ರಲ್ಲಿ ಫ್ರಾನ್ಸಿನ ಲುಕ್ ಎಂಬ ಕಂಪೆನಿ, ಹಿಮದ ಮೇಲೆ ಜಾರುವವರ ಬೂಟಿಗೆ ಹಾಕುವ ಬಂಧವನ್ನೇ ಮಾದರಿಯಾಗಿಟ್ಟುಕೊಂಡು ಈ ಪಂಜರವಿಲ್ಲದ ಪೆಡಲ್ ತಂದಿತು. ಮರುವರ್ಷ ಬರ್ನಾರ್ಡ್ ಇನೋ ಅದನ್ನೇ ತುಳಿದು ಟೂರ್ ದ ಫ್ರಾನ್ಸ್ ಗೆದ್ದರು. ಗುಡ್ಡಗಾಡಿನ ಸೈಕಲ್ಲಿಗೆ ಹೊಂದುವ ಎಸ್‌ಪಿಡಿ ಎಂಬ ಬಗೆಯನ್ನು ಜಪಾನಿನ ಶಿಮಾನೊ ಕಂಪೆನಿ ತಂದದ್ದು 1990ರಲ್ಲಿ. ಶೂವಿನ ಅಡಿಯಲ್ಲಿ ಎರಡು ಸ್ಕ್ರೂಗಳಿಂದ ಕೂರಿಸಿದ ಒಂದು ಚಿಕ್ಕ ಲೋಹದ ತುಂಡು, ಅದಕ್ಕೆ ಕ್ಲೀಟ್ ಎನ್ನುತ್ತಾರೆ. ತುಳಿದರೆ ಅದು ಪೆಡಲ್ಲಿನ ಸ್ಪ್ರಿಂಗಿಗೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಕಲ್ಲಿನ ಮೇಲೆ ಸೈಕಲ್ ಕುಪ್ಪಳಿಸಿದರೂ ಕಾಲು ಜಾರುವುದಿಲ್ಲ.

ನಾನು ಇದೊಂದನ್ನೂ ವಿಚಾರಿಸಲಿಲ್ಲ. ಹೆಸರಾಂತ ಮಾದರಿಯಂತೆಯೇ ಕಾಣುವ, ಹೊಳೆಯುವ ಒಂದು ಜೊತೆಯನ್ನು ಒಂಬೈನೂರು ರೂಪಾಯಿಗೆ ತರಿಸಿಬಿಟ್ಟೆ. ನಿಜವಾದದ್ದರ ಮೂರನೆಯ ಒಂದು ಭಾಗದ ಬೆಲೆ. ಉಳಿಸಿದೆನೆಂಬ ಹೆಮ್ಮೆ ಬೇರೆ! ಎರಡು ತಿಂಗಳಲ್ಲಿ ಪೆಡಲ್ ಅಲುಗಾಡತೊಡಗಿತ್ತಂತೆ. ಹುಡುಗಿ ಹೇಳಲಿಲ್ಲ. ಖಾಲಾ ಪ್ರೀತಿಯಿಂದ ಕೊಡಿಸಿದ್ದು, ದೂರುವುದು ಹೇಗೆ ಎಂದು ಸುಮ್ಮನಿದ್ದಳಂತೆ. ಒಂದು ಭಾನುವಾರ ಶಿರಹಟ್ಟಿ ಕಡೆಯ ಗುಡ್ಡದಂಚಿನ ಬಂಡಿದಾರಿಯಲ್ಲಿ ಏರು ಹತ್ತುವಾಗ ಸೈಕಲ್ ನಿಂತಿತು. ಎಡಗಾಲನ್ನು ತಿರುಗಿಸಿದಳು, ಬಿಡಲಿಲ್ಲ. ಮತ್ತೆ ತಿರುಗಿಸಿದಳು. ಕಾಲು ತಿರುಗಿತೇ ಹೊರತು ಪೆಡಲ್ ಬಿಡಲಿಲ್ಲ. ಸೈಕಲ್ಲಿಗೆ ಅಂಟಿಕೊಂಡೇ ಎಡಕ್ಕೆ ಬಿದ್ದಳು. ಕೈ ಊರಿದ್ದು ಕಲ್ಲಿನ ಮೇಲೆ.

ಆರು ವಾರ ಪ್ಲಾಸ್ಟರ್. ಜಿಲ್ಲಾ ಆಯ್ಕೆ ತಪ್ಪಿತು. "ಆಪಾ, ಈ ಸೈಕಲ್ ಮಾರಿಬಿಡೋಣ. ಹೆಣ್ಣು ಮಗು, ನಾಳೆ ಕೈ ಸೊಟ್ಟಗಾದರೆ ಯಾರು ಹೊಣೆ?" ಎಂದು ತಂಗಿಯ ಗಂಡ ನನ್ನನ್ನು ಕೇಳಿದರು. ಅವರನ್ನು ತಪ್ಪೆನ್ನುವ ಬಾಯಿ ನನಗಿರಲಿಲ್ಲ. ಹುಡುಗಿ ಮಾತ್ರ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಮಾರುವ ಮೊದಲು ಬಿದ್ದದ್ದೇಕೆ ಎಂದಾದರೂ ತಿಳಿಯೋಣ ಎಂದು ನಾನು ಒಂದು ವಾರದ ಸಮಯ ಕೇಳಿಕೊಂಡೆ.

ಆ ಶೂ, ಪೆಡಲ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಗದಗಿನಲ್ಲಿ ಸ್ಪರ್ಧೆಯ ಸೈಕಲ್‌ಗಳನ್ನು ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಹೋದೆ. ಅವರು ಪೆಡಲ್ ನೋಡುವ ಮೊದಲೇ ಶೂ ತಿರುಗಿಸಿ ನೋಡಿದರು. "ಇಲ್ಲಿ ನೋಡ್ರಿ ಅಕ್ಕಾರ, ಎರಡು ಸ್ಕ್ರೂ ಇರಬೇಕು, ಒಂದ ಐತಿ. ಒಂದ ಸ್ಕ್ರೂ ಇದ್ರ ಕಾಲು ತಿರುವಿದಾಗ ಶೂ ಅಷ್ಟ ತಿರಗತೈತಿ, ಕ್ಲೀಟ್ ಅಲ್ಲೇ ಕಚ್ಕೊಂಡ ಕುಂದರತೈತಿ. ಹೆಂಗ ಬಿಡ್ತೈತ್ರಿ?" ಸ್ಕ್ರೂ ಎಂದು ಬಿದ್ದಿತೋ ಯಾರಿಗೂ ಗೊತ್ತಿಲ್ಲ. ಅಂದರೆ ತಪ್ಪು ಪೂರ್ತಿ ಪೆಡಲ್ಲಿನದ್ದೂ ಅಲ್ಲ. ತಿಂಗಳಿಗೊಮ್ಮೆಯಾದರೂ ಆ ಸ್ಕ್ರೂಗಳಿಗೆ ಎಲ್ ಆಕಾರದ ಅಲೆನ್ ಕೀ ಹಾಕಿ ಬಿಗಿ ನೋಡಬೇಕಿತ್ತು, ನಾವು ನೋಡಲಿಲ್ಲ. ದಯವಿಟ್ಟು ಈ ಒಂದು ಮಾತನ್ನು ನೆನಪಿಡಿ. ನಿಮ್ಮ ಮನೆಯ ಮಕ್ಕಳು ಇಂಥ ಶೂ ಹಾಕುತ್ತಿದ್ದರೆ ಇಂದೇ ತಿರುಗಿಸಿ ನೋಡಿ.

ಆಮೇಲೆ ಅವರು ಪೆಡಲ್ ಕೈಗೆತ್ತಿಕೊಂಡರು. ನಾನು ಅದನ್ನು ಬೆರಳಿಂದ ತಳ್ಳಿ, ಫ್ಯಾನಿನಂತೆ ತಿರುಗುವುದನ್ನು ತೋರಿಸಿದೆ. ನಕ್ಕರು. "ಭರ್ರಂತ ತಿರುಗಿದ್ರ ಚಲೋ ಅಂತ ತಿಳೀಬ್ಯಾಡ್ರಿ. ಒಳಗ ಗ್ರೀಸ್ ತುಂಬಿದ ಹೊಸಾ ಪೆಡಲ್ ಮೆತ್ತಗ, ಸ್ವಲ್ಪ ಬಿಗಿಯಾಗಿ ತಿರಗಬೇಕು." ಅವರು ಅದನ್ನು ಅಡ್ಡಡ್ಡ ಅಲುಗಿಸಿದಾಗ ಕಟಕಟ ಸದ್ದಾಯಿತು. ಒಳಗಿನ ಬೇರಿಂಗ್ ಸವೆದಿತ್ತು. ಬಿಚ್ಚಿ ಸರಿ ಮಾಡೋಣವೆಂದರೆ ಅದು ಬಿಚ್ಚಲು ಬರುವಂತಿರಲೇ ಇಲ್ಲ. "ಬಿಚ್ಚಾಕ ಬರೂದು ತಗೋರಿ, ಒಗಿಯೂದು ತಗೋಬ್ಯಾಡ್ರಿ" ಎಂದರು.

ಬಾಳಿಕೆ ಎಂದರೆ ಎಂದೂ ಕೆಡದಿರುವುದು ಎಂದು ನಾನು ತಿಳಿದಿದ್ದೆ. ಗುಡ್ಡದಲ್ಲಿ ಓಡುವ ಪೆಡಲ್ ಕಲ್ಲಿಗೆ ಬಡಿಯುತ್ತದೆ, ಕೆಸರಿನಲ್ಲಿ ಮುಳುಗುತ್ತದೆ, ಸವೆದೇ ಸವೆಯುತ್ತದೆ. ಸವೆದದ್ದನ್ನು ನಮ್ಮೂರಿನಲ್ಲೇ ಬಿಚ್ಚಿ, ಗುಂಡುಗಳನ್ನು ತೊಳೆದು, ಗ್ರೀಸ್ ಹಾಕಿ, ಬಿಗಿ ಸರಿಮಾಡಿ ಮತ್ತೆ ಓಡಿಸಲು ಬರುತ್ತದೆಯೇ? ಸವೆದ ಕ್ಲೀಟಿಗೆ ಬದಲಿ ಸಿಗುತ್ತದೆಯೇ? ಇದೇ ಬಾಳಿಕೆ. ಶಿಮಾನೊದ ಎಂ 520 ಎಂಬ ಸಾದಾ ಪೆಡಲ್ ಈ ಕಾರಣಕ್ಕೇ ಹೆಸರುವಾಸಿ. ಜೊತೆಗೆ ಸುಮಾರು 380 ಗ್ರಾಂ ತೂಗುತ್ತದೆ, ನೋಡಲು ಅಂಥ ಚೆಲುವೇನಿಲ್ಲ. ಆದರೆ ಉಕ್ಕಿನ ಗಟ್ಟಿ ದಂಡ, ಬಿಚ್ಚಿ ಸರಿಪಡಿಸಬಹುದಾದ ಗುಂಡುಗಳು. ಬಿಚ್ಚಲು ಒಂದು ಚಿಕ್ಕ ಪ್ಲಾಸ್ಟಿಕ್ ಸಾಧನ ಬೇಕು, ಅದನ್ನೂ ಜೊತೆಗೇ ತರಿಸಿಕೊಳ್ಳಿ. ಇದಕ್ಕಿಂತ ದುಬಾರಿಯವು ಹಗುರವಾಗಿರುತ್ತವೆ. ಕಲಿಯುವ ಮಗುವಿಗೆ ನೂರು ಗ್ರಾಂ ಉಳಿಸಲು ಸಾವಿರಗಟ್ಟಲೆ ಸುರಿಯಬೇಕೇ? ನನಗಂತೂ ಒಪ್ಪಿಗೆಯಾಗಲಿಲ್ಲ.

ಆದರೂ ನಮ್ಮ ನೆಲದ ಮಾತು ಬೇರೆ. ಕಪ್ಪತಗುಡ್ಡದ ಅಂಚಿನ ಮಸಾರಿ ನೆಲ ಕೆಂಪು, ಗರಸು. ಅಲ್ಲಿ ಧೂಳೇ ಶತ್ರು. (ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಗಿದೆ, ಒಳಗೆ ಮನಬಂದಂತೆ ಸೈಕಲ್ ನುಗ್ಗಿಸುವಂತಿಲ್ಲ. ಮಕ್ಕಳಿಗೆ ಇದನ್ನೂ ಹೇಳಿರಿ.) ಮುಂಡರಗಿ ಕಡೆಯ ಎರೆ ನೆಲವೋ, ಮಳೆ ಬಿದ್ದರೆ ಮುಗಿಯಿತು. ನಾಲ್ಕು ಹೆಜ್ಜೆ ನಡೆದರೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಅಂಟುವುದು ನಿಮಗೇ ಗೊತ್ತು. ಅದೇ ಮಣ್ಣು ಶೂವಿನ ಅಡಿಯ ಕ್ಲೀಟಿನಲ್ಲಿ ಗಟ್ಟಿಯಾಗಿ ಕೂತರೆ ಕಾಲು ಕಚ್ಚುವುದೂ ಇಲ್ಲ, ಕಚ್ಚಿದರೆ ಸುಲಭವಾಗಿ ಬಿಡುವುದೂ ಇಲ್ಲ. ಕ್ರ್ಯಾಂಕ್ ಬ್ರದರ್ಸ್ ಎಂಬ ಅಮೆರಿಕದ ಕಂಪೆನಿಯ ಎಗ್‌ಬೀಟರ್ ಪೆಡಲ್ ನಾಲ್ಕೂ ಕಡೆ ತೆರೆದಿರುವುದರಿಂದ ಕೆಸರನ್ನು ಚೆನ್ನಾಗಿ ಉದುರಿಸುತ್ತದೆ. ಆದರೆ ಅದರ ಹಿತ್ತಾಳೆಯ ಕ್ಲೀಟ್ ಬೇಗ ಸವೆಯುತ್ತದೆ, ಬೇರಿಂಗಿಗೂ ಆಗಾಗ ಆರೈಕೆ ಬೇಕು. ಬದಲಿ ಭಾಗಗಳಿಗಾಗಿ ದೂರದ ಪೇಟೆಯನ್ನು ಕಾಯುವ ಮನೆಗೆ ಅದು ಸರಿಹೋಗದು ಎನಿಸಿತು. ಎರೆ ಹಸಿಯಾದ ದಿನ ಆ ಕಡೆ ಹೋಗದಿರುವುದೇ ಅಗ್ಗದ ಉಪಾಯ.

ಕೊನೆಗೆ ನಾವು ತಂದದ್ದು ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಎಸ್‌ಪಿಡಿ ಇರುವ ಶಿಮಾನೊದ ಇಎಚ್ 500. ಹುಡುಗಿ ಕಾಲೇಜಿಗೂ ಅದೇ ಸೈಕಲ್ಲಿನಲ್ಲಿ ಹೋಗುವವಳು, ಸಾದಾ ಚಪ್ಪಲಿಯಲ್ಲೂ ತುಳಿಯಬೇಕಲ್ಲ? ಇದರ ಗುಂಡುಗಳನ್ನೂ ಬಿಚ್ಚಿ ಗ್ರೀಸ್ ಹಾಕಬಹುದು. ಅದಕ್ಕೆ ಎಸ್‌ಎಚ್ 56 ಎಂಬ ಕ್ಲೀಟ್. ಎಸ್‌ಎಚ್ 51 ಎಂಬುದು ಹಿಮ್ಮಡಿ ಪಕ್ಕಕ್ಕೆ ತಿರುಗಿಸಿದರಷ್ಟೇ ಬಿಡುತ್ತದೆ. 56 ಗಾಬರಿಯಲ್ಲಿ ಕಾಲನ್ನು ಓರೆಯಾಗಿ ಮೇಲಕ್ಕೆಳೆದರೂ ಬಿಡುತ್ತದೆ. ಕಲಿಯುವವರಿಗೆ ಇದೇ ಸರಿ. ಸ್ಪ್ರಿಂಗಿನ ಬಿಗಿಯನ್ನು ಅಲೆನ್ ಕೀಯಿಂದ ಪೂರ್ತಿ ಸಡಿಲ ಮಾಡಿಸಿದೆವು. ಶೂ ಕೊಳ್ಳುವಾಗಲೂ ಜೋಪಾನ. ಡಾಂಬರು ರಸ್ತೆಯ ಸ್ಪರ್ಧೆಯವರ ಶೂವಿಗೆ ಮೂರು ಸ್ಕ್ರೂಗಳ ಕ್ಲೀಟ್, ಅದು ಈ ಪೆಡಲ್ಲಿಗೆ ಕೂರುವುದಿಲ್ಲ, ಹಾಕಿಕೊಂಡು ಗುಡ್ಡದಲ್ಲಿ ನಡೆಯಲೂ ಆಗದು.

ಕೂರಿಸುವಾಗ ಹಿರಿಯರು ನನ್ನ ಕೈಗೇ 15ರ ಪಾನಾ ಕೊಟ್ಟರು. ಎಡಗಡೆ ಪೆಡಲ್ಲಿನ ಥ್ರೆಡ್ ಉಲ್ಟಾ ಇರುತ್ತದೆ ಎಂದು ಆಗಲೇ ತಿಳಿದದ್ದು. ಗೊತ್ತಿಲ್ಲದೆ ಬಲವಾಗಿ ತಿರುಗಿಸಿದರೆ ಕ್ರ್ಯಾಂಕೇ ಹಾಳು. ಥ್ರೆಡ್ಡಿಗೆ ಗ್ರೀಸ್ ಸವರಿ, ಮೊದಲು ಬೆರಳಿನಿಂದಲೇ ತಿರುಗಿಸಿ, ಕೊನೆಗೆ ಪಾನಾ ಹಾಕಬೇಕು. ಸೈಕಲ್ ತೊಳೆಯಲು ಒಂದು ಬಕೆಟ್ ನೀರು ಸಾಕು. ಗ್ಯಾರೇಜಿನ ಒತ್ತಡದ ನೀರು ಬೇರಿಂಗಿನೊಳಗೆ ನುಗ್ಗಿ ಗ್ರೀಸ್ ತೊಳೆದುಬಿಡುತ್ತದೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಹುಡುಗಿ ಮೊದಲ ತಿಂಗಳು ಚಪ್ಪಟೆ ಬದಿಯಲ್ಲೇ ತುಳಿದಳು. ಆಮೇಲೆ ಅಂಗಳದಲ್ಲಿ ಗೋಡೆ ಹಿಡಿದು ನಿಂತು ಕಾಲು ಸಿಕ್ಕಿಸುವುದು, ಬಿಡಿಸುವುದು. ದಿನಕ್ಕೆ ಐವತ್ತು ಸಲ ಎಂದು ನಾನೇ ಲೆಕ್ಕ ಕೊಟ್ಟಿದ್ದೆ. ಟಕ್ ಟಕ್ ಸದ್ದಿಗೆ ಮಧ್ಯಾಹ್ನ ನಿದ್ದೆ ಹತ್ತುವುದಿಲ್ಲ ಎಂದು ತಂಗಿ ಫೋನಿನಲ್ಲಿ ದೂರುತ್ತಿದ್ದಳು.

ಮೊನ್ನೆ ಮುಳಗುಂದದ ಮೇಲೆ ಬಸ್ಸಿನಲ್ಲಿ ಬೆಟಗೇರಿಗೆ ಹೋಗಿದ್ದೆ. ಅಂಗಳದಲ್ಲಿ ತಂಗಿಯ ಗಂಡ ಕುಕ್ಕುರುಗಾಲಿನಲ್ಲಿ ಕೂತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಗಳ ಶೂವಿನ ಅಡಿಯ ಕೆಂಪು ಮಣ್ಣು ತೆಗೆಯುತ್ತಿದ್ದರು. ನನ್ನನ್ನು ಕಂಡು ಶೂ ಎತ್ತಿ ತೋರಿಸಿದರು. "ಆಪಾ, ಸ್ಕ್ರೂ ಎರಡೂ ಬಿಗಿಯಾಗಿವೆ. ಆದರೆ ಬಲಗಡೆ ಕ್ಲೀಟಿನ ಮೂತಿ ಸವೆದಂತಿದೆ. ಮುಂದಿನ ವಾರ ಆಯ್ಕೆ ಇದೆ, ಅಷ್ಟರೊಳಗೆ ಹೊಸದು ತರಿಸಿಕೊಡುತ್ತೀರಾ?"