ಧಕ್ಕೆಯ ಪಟ

ಛಾಯಾಚಿತ್ರವೆಂದರೆ ನಿಮಿಷಮಾತ್ರದ ಕೆಲಸವೆಂಬ ಭಾವನೆ ಲೋಕದಲ್ಲಿ ರೂಢಮೂಲವಾಗಿದೆ. ನಿಮಿಷವೆಂಬ ಶಬ್ದಕ್ಕೆ ರೆಪ್ಪೆ ಬಡಿಯುವಷ್ಟು ಹೊತ್ತೆಂಬುದೇ ಮೂಲಾರ್ಥವಾದುದರಿಂದ ಈ ಭಾವನೆ ಶಬ್ದತಃ ಸಾಧುವೇ ಸರಿ. ಅಂಗೈಯಗಲದ ಮೊಬೈಲಿನಿಂದ ಈಗ ಮಕ್ಕಳು ಕೂಡ ದಿನಕ್ಕೆ ಹತ್ತಾರು ಪಟಗಳನ್ನು ತೆಗೆಯುತ್ತಾರೆ. ಆದರೆ ಒಂದೇ ಒಂದು ಪಟಕ್ಕಾಗಿ ಯಂತ್ರದ ಕಣ್ಣನ್ನು ನಾಲ್ಕಾರು ನಿಮಿಷ ರೆಪ್ಪೆ ಬಡಿಯದಂತೆ ತೆರೆದಿಟ್ಟು, ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಲ್ಲುವವರೂ ಉಂಟು. ಅಂಥ ಪಟದಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದು ವಿಚಾರಾರ್ಹವಾದ ಸಂಗತಿ.

ಬೆಂಗಳೂರಿನ ಪೂರ್ವಕ್ಕೆ, ವೈಟ್‌ಫೀಲ್ಡಿಗೆ ಹೋಗುವ ಹಾದಿಯಲ್ಲಿ ಕುಂದಲಹಳ್ಳಿಯಿದೆ. ಹಿಂದೆ ಕೆರೆಯನ್ನೂ ಹೊಲಗದ್ದೆಗಳನ್ನೂ ನೆಚ್ಚಿಕೊಂಡಿದ್ದ ಗ್ರಾಮ. ಈಗ ಸುತ್ತಲೂ ಗಾಜಿನ ಗೋಡೆಯ ಕಚೇರಿಗಳು, ಬಹುಮಹಡಿಯ ಮನೆಗಳು. ಆ ಊರಿನ ಒಕ್ಕಲು ಮನೆತನವೊಂದರ ಯುವಕನು ಹತ್ತಿರದ ಕಂಪೆನಿಯೊಂದರಲ್ಲಿ ಉದ್ಯೋಗಸ್ಥನಾಗಿದ್ದನು. ಬಿಡುವು ದೊರೆತಾಗಲೆಲ್ಲ ಕ್ಯಾಮೆರಾ ಹಿಡಿದು ಹೊರಡುವುದು ಅವನಿಗೆ ವ್ಯಸನವೆನ್ನಬಹುದಾದಷ್ಟು ಪ್ರಿಯವಾಗಿತ್ತು. ಅದರಲ್ಲಿಯೂ ಸಂಜೆಗತ್ತಲಿನಲ್ಲಿ, ಸಮುದ್ರದೊಳಕ್ಕೆ ಚಾಚಿಕೊಂಡ ಧಕ್ಕೆಯ ಪಟವನ್ನು ದೀರ್ಘಕಾಲದ ಎಕ್ಸ್‌ಪೋಷರಿನಿಂದ ತೆಗೆಯಬೇಕೆಂಬುದು ಅವನ ಬಹುದಿನದ ಆಸೆ.

ಧಕ್ಕೆಯೆಂದರೆ ಹಡಗು ದೋಣಿಗಳ ಸರಕನ್ನು ಇಳಿಸಿ ಏರಿಸುವ ಕಟ್ಟೆ. ಕರಾವಳಿಯವರಿಗೆ ಇದು ಮನೆಮಾತು. ಆದರೆ ಕನ್ನಡ ಕರಾವಳಿಯ ಹಳೆಯ ಬಂದರುಗಳೆಲ್ಲ ಬಹುಮಟ್ಟಿಗೆ ನದೀಮುಖಗಳಲ್ಲಿ ಬೆಳೆದವು. ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಗುರುಪುರ ನದಿಗಳನ್ನೂ, ಹೊನ್ನಾವರವು ಶರಾವತಿಯನ್ನೂ ಆಶ್ರಯಿಸಿದವು. ನದಿಯೊಳಗೆ ನೀರು ಶಾಂತವಾಗಿರುವುದರಿಂದ ಅಲ್ಲಿ ದಡದುದ್ದಕ್ಕೆ ಕಟ್ಟೆಯಿದ್ದರೆ ಸಾಕಾಗುತ್ತಿತ್ತು. ತೆರೆಗಳನ್ನು ದಾಟಿ ಕಡಲಿನೊಳಕ್ಕೆ ನಡೆಯಬೇಕಾದ ಉದ್ದನೆಯ ಸೇತುವೆಯ ಅಗತ್ಯವಿರಲಿಲ್ಲ. ಪೂರ್ವತೀರದ ಪುದುಚೇರಿಯ ಸ್ಥಿತಿ ಬೇರೆ. ಅಲ್ಲಿ ಸಹಜವಾದ ಬಂದರಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಸರಕೂ ಜನರೂ ಸಣ್ಣ ದೋಣಿಗಳಲ್ಲಿ ಕುಳಿತು, ಮುರಿದು ಬೀಳುವ ತೆರೆಗಳ ನಡುವೆ ದಡ ಸೇರಬೇಕಾಗಿತ್ತು. ಈ ಕಷ್ಟವನ್ನು ನೀಗಲು ಫ್ರೆಂಚರು ೧೮೬೬ರಲ್ಲಿ ಅಲ್ಲಿ ಕಬ್ಬಿಣದ ಧಕ್ಕೆಯೊಂದನ್ನು ಕಟ್ಟಿದರು. ೧೯೫೨ರ ಚಂಡಮಾರುತದಲ್ಲಿ ಅದು ನಾಶವಾಯಿತು. ತರುವಾಯ ಬೇರೊಂದು ಜಾಗದಲ್ಲಿ ಕಾಂಕ್ರೀಟಿನ ಹೊಸ ಧಕ್ಕೆಯಾಯಿತು. ಕಾಲಕ್ರಮದಲ್ಲಿ ಹಡಗುಗಳ ವ್ಯವಹಾರ ನಿಂತು, ಅದೂ ಹಳೆಯ ಧಕ್ಕೆಯೆಂಬ ಹೆಸರು ಪಡೆದು, ಪಟ ತೆಗೆಯುವವರಿಗೂ ಸಂಜೆ ಕಳೆಯುವವರಿಗೂ ಪ್ರಿಯವಾದ ದೃಶ್ಯವಾಗಿ ಉಳಿದಿತ್ತು.

೨೦೨೨ರ ಫೆಬ್ರುವರಿಯಲ್ಲಿ ಯುವಕನು ಅಲ್ಲಿಗೆ ಹೊರಟನು. ಈ ಸಲ ಜೊತೆಯಲ್ಲಿ ತಂದೆಯೂ ಇದ್ದನು. ಎಪ್ಪತ್ತನಾಲ್ಕು ವರ್ಷದ ಆ ಮುದುಕನು ಅದುವರೆಗೆ ಸಮುದ್ರವನ್ನು ಕಂಡವನಲ್ಲ. “ಕೆರೆ ನೋಡಿದವನಿಗೆ ಕಡಲೇನು ಹೊಸದು? ಅದೂ ನೀರೇ ತಾನೆ” ಎಂದು ಮೊದಲು ತಳ್ಳಿಹಾಕಿದವನು, ಹೊರಡುವ ದಿನ ನಸುಕಿಗೇ ಎದ್ದು ಟವಲನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದನು. ಕೃಷ್ಣಗಿರಿ, ತಿರುವಣ್ಣಾಮಲೆ, ತಿಂಡಿವನಗಳ ಮಾರ್ಗವಾಗಿ ಮುನ್ನೂರು ಕಿಲೋಮೀಟರಿಗೆ ಮೀರಿದ ಪಯಣ. ಹಾದಿಯುದ್ದಕ್ಕೂ ತಂದೆಯು ಕಿಟಕಿಯ ಹೊರಗಿನ ಬೆಳೆಗಳನ್ನು ನೋಡುತ್ತಿದ್ದನು. ಮಗನು ಹೊತ್ತು ಎಷ್ಟಾಯಿತೆಂದು ನೋಡುತ್ತಿದ್ದನು.

ಮಗನ ಆತುರಕ್ಕೆ ಕಾರಣವಿಲ್ಲದಿರಲಿಲ್ಲ. ಸೂರ್ಯನು ಮುಳುಗಿದ ಮೇಲೆ ಕ್ಷಿತಿಜದಿಂದ ಆರು ಅಂಶ ಕೆಳಗೆ ಇಳಿಯುವವರೆಗಿನ ಬೆಳಕು ಇಂಥ ಪಟಕ್ಕೆ ಯುಕ್ತವಾದುದು. ಉತ್ತರದ ದೇಶಗಳಲ್ಲಿ ಇದು ಬಹಳ ಹೊತ್ತು ನಿಲ್ಲುತ್ತದೆ. ಇಲ್ಲಿಯ ಅಕ್ಷಾಂಶದಲ್ಲಿ ಸೂರ್ಯನು ನೆಟ್ಟಗೆ ಇಳಿಯುವುದರಿಂದ ಸುಮಾರು ೨೧ ನಿಮಿಷದಲ್ಲಿ ತೀರಿಹೋಗುತ್ತದೆ. ಹಿಂದಿನವರ ಲೆಕ್ಕದಲ್ಲಿ ೨೪ ನಿಮಿಷಕ್ಕೆ ಒಂದು ಘಳಿಗೆಯಷ್ಟೆ. ಈ ಸಂಧ್ಯೆಗೆ ತುಂಬಿದ ಒಂದು ಘಳಿಗೆಯ ಆಯುಸ್ಸೂ ಇಲ್ಲ. ಇಷ್ಟರಲ್ಲಿ ನೂರು ಪಟ ತೆಗೆಯಬಹುದಲ್ಲವೆ ಎಂದು ವಾಚಕರು ಕೇಳಬಹುದು. ದೀರ್ಘಕಾಲದ ಪಟದ ಗಣಿತವೇ ಬೇರೆ. ಯಂತ್ರದ ಕಣ್ಣಿನ ಮುಂದೆ ಕಪ್ಪು ಗಾಜೊಂದನ್ನು ಹಾಕುತ್ತಾರೆ. ಅದು ಬೆಳಕಿನ ಸಾವಿರದಲ್ಲಿ ಒಂದು ಪಾಲನ್ನು ಮಾತ್ರ ಒಳಕ್ಕೆ ಬಿಡುತ್ತದೆ. ನಿಖರವಾಗಿ ಹೇಳುವುದಾದರೆ ೧೦೨೪ರಲ್ಲಿ ಒಂದು ಪಾಲು. ಬರಿಯ ಕಣ್ಣಿಗೆ ಕಾಲು ಸೆಕೆಂಡು ಸಾಕಾಗುತ್ತಿದ್ದ ದೃಶ್ಯಕ್ಕೆ ಆಗ ೨೫೬ ಸೆಕೆಂಡು, ಎಂದರೆ ನಾಲ್ಕು ನಿಮಿಷ ಹದಿನಾರು ಸೆಕೆಂಡು, ಷಟರ್ ತೆರೆದಿರಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಬಹಳ ಹೊತ್ತು ಎಚ್ಚರವಾಗಿದ್ದ ಯಂತ್ರದೊಳಗೆ ಬೆಳಕಿಲ್ಲದ ಕಡೆಯೂ ಬೆಳಕಿನ ಚುಕ್ಕೆಗಳು ಹುಟ್ಟಿಕೊಳ್ಳುತ್ತವೆ. ಅವನ್ನು ನಿವಾರಿಸಲು ಅದು ಕಣ್ಣು ಮುಚ್ಚಿಕೊಂಡು ಮತ್ತೆ ಅಷ್ಟೇ ಹೊತ್ತು ಬರಿಯ ಕತ್ತಲೆಯನ್ನು ನೋಡಿ, ಆ ಕತ್ತಲೆಯಲ್ಲಿ ಕಂಡ ಚುಕ್ಕೆಗಳನ್ನು ಮೊದಲಿನ ಪಟದಿಂದ ಕಳೆಯುತ್ತದೆ. ಹೀಗೆ ಒಂದೊಂದು ಪಟಕ್ಕೂ ಎಂಟೂವರೆ ನಿಮಿಷ. ಒಂದು ಸಂಜೆಗೆ ಎರಡೇ ಪಟ. ಮೂರನೆಯದಕ್ಕೆ ಬೆಳಕು ಉಳಿಯದು.

ಪುದುಚೇರಿಯ ಕಡಲು ಪೂರ್ವಕ್ಕಿರುವುದರಿಂದ ಅಲ್ಲಿ ಸೂರ್ಯನು ನೀರಿನಲ್ಲಿ ಮುಳುಗುವುದಿಲ್ಲ, ಊರಿನ ಹಿಂದೆ ಮುಳುಗುತ್ತಾನೆ. ಕಡಲಿನ ಕಡೆ ಕಾಣುವುದು ಭೂಮಿಯ ನೆರಳು. ಬೂದಿ ಬೆರೆತ ನೀಲಿಯ ಪಟ್ಟಿಯೊಂದು ನೀರಿನಂಚಿನಿಂದ ಮೆಲ್ಲಗೆ ಏಳುತ್ತದೆ; ಅದರ ಮೇಲೆ ತೆಳುವಾದ ಕೆಂಪು. ಆ ದಿನ ಯುವಕನು ಮರಳಿನ ಮೇಲೆ ಮುಕ್ಕಾಲಿಯನ್ನು ನೆಟ್ಟು, ಕಂಬಗಳ ಸಾಲು ಒಂದರ ಹಿಂದೊಂದು ಸರಿಯಾಗಿ ಬರುವಂತೆ ಯಂತ್ರವನ್ನು ನಿಲ್ಲಿಸಿ, ಷಟರನ್ನು ತೆರೆದನು. ಅರ್ಧ ನಿಮಿಷವೂ ಆಗಿರಲಿಲ್ಲ. ತಂದೆಯು ಎಲ್ಲಿಂದಲೋ ನಡೆದುಬಂದು, ಪಟದ ಎಡಭಾಗಕ್ಕೆ ಸರಿಯಾಗಿ, ನೀರಿನ ಕಡೆ ಮುಖಮಾಡಿ ಮರಳಿನಲ್ಲಿ ಕುಳಿತುಬಿಟ್ಟನು. ಮಗನಿಗೆ ಸಿಟ್ಟು ಬಂದಿತು. ಆದರೆ ಏಳೆನ್ನುವಂತಿಲ್ಲ, ತೆರೆದ ಕಣ್ಣನ್ನು ನಡುವೆ ಮುಚ್ಚಿದರೆ ಸಂಜೆಯ ಅರ್ಧವೇ ಹೋಗುತ್ತದೆ. ಪಟ ಕೆಟ್ಟಿತೆಂದುಕೊಂಡು ಅವನು ಸುಮ್ಮನೆ ನಿಂತನು. ಯಂತ್ರವು ಕತ್ತಲೆಯನ್ನು ನೋಡುತ್ತಿದ್ದಾಗ ತಂದೆಯ ಬಳಿಗೆ ಹೋಗಿ, “ಅಪ್ಪಾ, ಸ್ವಲ್ಪ ಈ ಕಡೆ ಬನ್ನಿ, ಅಡ್ಡವಾಗುತ್ತೆ” ಎಂದನು. ಮುದುಕನು ಮಾತಾಡದೆ ಎದ್ದುಬಂದನು. ಎರಡನೆಯ ಪಟ ನಿರ್ವಿಘ್ನವಾಗಿ ಆಯಿತು. ಅದನ್ನೇ ದೊಡ್ಡದಾಗಿ ಅಚ್ಚುಹಾಕಿಸಿ, ಕಟ್ಟುಹಾಕಿಸಿ, ಕುಂದಲಹಳ್ಳಿಯ ಮನೆಯ ಹಜಾರದಲ್ಲಿ ತೂಗುಹಾಕಿದ್ದಾಯಿತು. ಮೊದಲನೆಯದು ಕಂಪ್ಯೂಟರಿನ ಮೂಲೆಯಲ್ಲೆಲ್ಲೋ ಬಿದ್ದಿತ್ತು.

ಮರುತಿಂಗಳು, ೨೦೨೨ರ ಮಾರ್ಚಿಯಲ್ಲಿ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ಸಮುದ್ರವು ಕ್ಷುಬ್ಧವಾಗಿದ್ದ ದಿನಗಳಲ್ಲಿ ಆ ಹಳೆಯ ಧಕ್ಕೆಯ ಒಂದು ಭಾಗ ಕುಸಿದು ನೀರಿಗೆ ಬಿದ್ದಿತು. ಸುದ್ದಿಯನ್ನು ಓದಿದ ಯುವಕನು ಆ ರಾತ್ರಿ ತನ್ನ ಪಟಗಳನ್ನೆಲ್ಲ ಮತ್ತೆ ಹುಡುಕಿದನು. ಆಗ ಸಿಕ್ಕಿತು, ಕೆಟ್ಟಿತೆಂದು ಬಿಟ್ಟಿದ್ದ ಮೊದಲ ಪಟ.

ಆ ಸಂಜೆ ದಡದಲ್ಲಿ ಜನಸಂದಣಿಯಿತ್ತು. ಸುಂಡಲ್ ಮಾರುವವನು ಎರಡು ಸಲ ಹಾದುಹೋಗಿದ್ದನು. ಮಕ್ಕಳು ನೀರಿಗೆ ಓಡಿ ಹಿಂದಕ್ಕೆ ಓಡಿ ಆಡುತ್ತಿದ್ದರು. ಪಟದಲ್ಲಿ ಅವರಾರೂ ಇಲ್ಲ. ತೆರೆಗಳೂ ಇಲ್ಲ, ನೂರಾರು ತೆರೆಗಳ ಏರಿಳಿತ ಒಂದರ ಮೇಲೊಂದು ಬಿದ್ದು ಸಮವಾಗಿ, ಕಡಲಿನ ಜಾಗದಲ್ಲಿ ಹಾಲಿನ ಕೆನೆಯಂಥ ಮಂಜು ಕವಿದಿದೆ. ಧಕ್ಕೆಯ ಕಂಬಗಳು ನಿಂತಿವೆ. ಎಡಕ್ಕೆ, ಬೆನ್ನು ತೋರಿಸಿ ಕುಳಿತ ಒಬ್ಬ ಮುದುಕ. ಗಾಳಿಗೆ ಅಲುಗಿದ ಟವಲಿನ ಸೆರಗು ಮಾತ್ರ ಮಸಕು. ಉಸಿರಾಟದಿಂದಲೋ ಏನೋ ಭುಜದ ಅಂಚು ಕೊಂಚ ಮೃದು. ಉಳಿದಂತೆ ಕಲ್ಲಿನಲ್ಲಿ ಕಡೆದಂತೆ ಕುಳಿತಿದ್ದಾನೆ. ಸುಮಾರು ನಾಲ್ಕು ನಿಮಿಷ ಅವನು ಅಲುಗಿರಲಿಲ್ಲ.

ಇದಕ್ಕೆ ಪ್ರಾಚೀನವಾದ ನಿದರ್ಶನವೊಂದುಂಟು. ಛಾಯಾಚಿತ್ರವಿದ್ಯೆಯ ಆದ್ಯರಲ್ಲೊಬ್ಬನಾದ ಫ್ರಾನ್ಸಿನ ಡಾಗೇರ್ ೧೮೩೮ರಲ್ಲಿ ಪ್ಯಾರಿಸ್ ನಗರದ ಬುಲ್ವಾರ್ ದ್ಯು ತಾಂಪ್ಲ್ ಎಂಬ ಬೀದಿಯನ್ನು ಮೇಲಿನ ಕಿಟಕಿಯೊಂದರಿಂದ ಚಿತ್ರಿಸಿದನು. ಅಂದಿನ ತಗಡು ಬೆಳಕನ್ನು ಹೀರಲು ಹಲವು ನಿಮಿಷಗಳೇ ಬೇಕಾಗಿದ್ದವು. ಗಾಡಿ ಕುದುರೆ ಜನಗಳಿಂದ ಗಿಜಿಗುಟ್ಟುತ್ತಿದ್ದ ಬೀದಿ ಚಿತ್ರದಲ್ಲಿ ಬರಿದಾಗಿ ತೋರುತ್ತದೆ. ಮೂಲೆಯಲ್ಲಿ ಪಾದರಕ್ಷೆಗೆ ಪಾಲಿಶ್ ಹಾಕಿಸಿಕೊಳ್ಳುತ್ತ ಕಾಲೆತ್ತಿ ನಿಂತ ಒಬ್ಬ ಮನುಷ್ಯ ಮಾತ್ರ ಸ್ಪಷ್ಟವಾಗಿ ಮೂಡಿದ್ದಾನೆ; ಪಾಲಿಶ್ ಹಾಕುವವನೂ ಅಸ್ಪಷ್ಟವಾಗಿ ಕಾಣುತ್ತಾನೆ. ಅವನ ಹೆಸರು ಯಾರಿಗೂ ತಿಳಿಯದು. ಆ ಬೀದಿಯಲ್ಲಿ ಅವಸರದಿಂದ ಓಡಾಡುತ್ತಿದ್ದ ಗಣ್ಯರಾರೂ ಉಳಿಯಲಿಲ್ಲ. ಕಾಲನ್ನು ಅಲುಗಿಸದೆ ಇದ್ದವನು ಉಳಿದನು.

ಯುವಕನು ಆ ಪಟವನ್ನು ತಂದೆಗೆ ತೋರಿಸಿದನು. ಮುದುಕನು ಕನ್ನಡಕವನ್ನು ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, “ಅಲೆಯೆಲ್ಲ ಎಲ್ಲಿ ಹೋಯಿತಪ್ಪಾ? ಭೋರೆಂದು ಹೊಡೀತಿತ್ತಲ್ಲ. ಅಷ್ಟು ಜನ ಇದ್ದರು, ಅವರೆಲ್ಲಿ?” ಎಂದು ಕೇಳಿದನು. ಅಲುಗಿದ್ದು ಪಟದಲ್ಲಿ ನಿಲ್ಲುವುದಿಲ್ಲವೆಂದು ಮಗನು ವಿವರಿಸಿದನು.

“ಹಾಗಾದರೆ ಕೂತವನು ಮಾತ್ರ ಉಳಿದ ಅನ್ನು.”

“ಹೌದಪ್ಪಾ.”

ಮುದುಕನು ಸ್ವಲ್ಪ ಯೋಚಿಸಿ, “ಧಕ್ಕೆಯೂ ಕೂತೇ ಇತ್ತಲ್ಲ. ಅದು ಬಿದ್ದುಹೋಯಿತು ಅಂತೀಯಲ್ಲಪ್ಪ” ಎಂದನು.

ಮಗನಿಗೆ ಉತ್ತರ ತೋಚಲಿಲ್ಲ. ತಾರ್ಕಿಕರಿಗೂ ಇದು ಸುಲಭವಾದ ಪ್ರಶ್ನೆಯಲ್ಲ. ನಾಲ್ಕು ನಿಮಿಷದ ಕಣ್ಣಿಗೆ ತೆರೆಯು ಚರ, ಧಕ್ಕೆಯು ಸ್ಥಿರ. ಅರುವತ್ತು ವರ್ಷ ರೆಪ್ಪೆ ಬಡಿಯದ ಕಣ್ಣೊಂದಿದ್ದರೆ ಅದರ ಪಟದಲ್ಲಿ ಧಕ್ಕೆಯೂ ಮಸಕಾಗಿ, ಕಡಲು ಮಾತ್ರ ನಿಂತೀತು. ಸ್ಥಿರವೆಂಬುದು ನೋಡುವವನು ಎಷ್ಟು ಹೊತ್ತು ನೋಡಿದನೆಂಬುದನ್ನು ಅವಲಂಬಿಸಿದೆ. ಯುವಕನನ್ನು ಆ ರಾತ್ರಿ ಕಾಡಿದ್ದು ಇದಕ್ಕಿಂತ ಸಣ್ಣ ಸಂಗತಿ. ಒಂದೇ ಮನೆಯಲ್ಲಿ ಇದ್ದುಕೊಂಡು ತಾನು ತಂದೆಯನ್ನು ಒಂದೇ ಸಮನೆ ನಾಲ್ಕು ನಿಮಿಷ ನೋಡಿದ್ದು ಯಾವಾಗ ಎಂದು ಲೆಕ್ಕಹಾಕಿದರೆ, ಆ ಸಿಟ್ಟಿನ ನಾಲ್ಕು ನಿಮಿಷದ ಹೊರತು ಮತ್ತೊಂದು ನೆನಪಾಗಲಿಲ್ಲ.

ಮುಂದಿನ ವರ್ಷ, ೨೦೨೩ರ ಮಾರ್ಚಿಯಲ್ಲಿ, ವೈಟ್‌ಫೀಲ್ಡಿನ ಮೆಟ್ರೊ ರೈಲು ಕುಂದಲಹಳ್ಳಿಯ ಮೇಲೆ ಓಡಾಡತೊಡಗಿತು. ಅದಾದ ಮೇಲೆ ಒಂದು ಸಂಜೆ ಯುವಕನು ತಂದೆಯನ್ನು ಕರೆದುಕೊಂಡು ಊರಿನ ಕೆರೆಯ ಏರಿಗೆ ಹೋದನು. ಅಲ್ಲಿ ಧಕ್ಕೆಯಿಲ್ಲ, ತೆರೆಯಿಲ್ಲ. ನೀರಿನಾಚೆ ಕಟ್ಟಡಗಳ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಮುಕ್ಕಾಲಿಯನ್ನು ನೆಟ್ಟು, ಈ ಸಲ ತಾನಾಗಿಯೇ, “ಅಪ್ಪಾ, ಅಲ್ಲಿ ಕಲ್ಲಿನ ಮೇಲೆ ಕೂತುಕೊಳ್ಳಿ” ಎಂದನು. ಷಟರ್ ತೆರೆಯಿತು. ಆದರೆ ಮುದುಕನು ಕುಳಿತುಕೊಳ್ಳಲಿಲ್ಲ. ಕಡಲಿನ ಮುಂದೆ ಕಲ್ಲಾಗಿದ್ದವನಿಗೆ ತನ್ನ ಕೆರೆಯ ಮುಂದೆ ಕಾಲು ನಿಲ್ಲಲಿಲ್ಲ. ಏರಿಯುದ್ದಕ್ಕೂ ಅತ್ತಿಂದಿತ್ತ ನಡೆಯುತ್ತ, ಕೈಯೆತ್ತಿ ತೋರಿಸುತ್ತ ಹೇಳತೊಡಗಿದನು: ತೂಬು ಇದ್ದದ್ದು ಅಲ್ಲಿ, ದನಗಳನ್ನು ನೀರಿಗೆ ಇಳಿಸುತ್ತಿದ್ದದ್ದು ಇಲ್ಲಿ, ಅಗೋ, ಆ ಎತ್ತರದ ಕಟ್ಟಡದ ಬುಡದಲ್ಲಿ ಕತ್ತಲೆಯಾಗಿದೆಯಲ್ಲ, ಅಲ್ಲಿಯೇ ನಮ್ಮ ಗದ್ದೆ. ಮಗನು ಯಂತ್ರವನ್ನು ಬಿಟ್ಟು ಅವನ ಹಿಂದೆ ಹಿಂದೆ ನಡೆದನು.

ಸಹಜವಾಗಿಯೇ ಆ ಪಟದಲ್ಲಿ ತಂದೆಯಿಲ್ಲ, ಮಗನೂ ಇಲ್ಲ. ಬರಿದಾದ ಏರಿ, ಕನ್ನಡಿಯಂಥ ನೀರು, ದೀಪಗಳು. ವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದೇ ಎಣಿಸುತ್ತಾರೆ. ನೆಲದ ಮೇಲೆ ಗಡಿಗೆಯಿಲ್ಲವೆಂಬುದನ್ನು ಕೂಡ ಕಣ್ಣು ಕಂಡೇ ತಿಳಿಯುತ್ತದೆಂದು ನೈಯಾಯಿಕರ ಮತ. ಇದ್ದ ಗಡಿಗೆ ಒಡೆದುಹೋದ ಮೇಲಿನ ಇಲ್ಲದಿರವಿಗೆ ಪ್ರಧ್ವಂಸಾಭಾವವೆಂದು ಹೆಸರು. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ಆದರೆ ಗಡಿಗೆಯನ್ನು ಮೊದಲು ಅರಿತವನಿಗೆ ಮಾತ್ರ ಅದರ ಅಭಾವ ತೋರುವುದು. ಅರಿಯದವನಿಗೆ ಅದು ಬರಿಯ ನೆಲ. ಕಟ್ಟಡದ ಬುಡದ ಆ ಕತ್ತಲೆಯು ಯಂತ್ರಕ್ಕೆ ಬರಿಯ ಕತ್ತಲೆ. ಮುದುಕನಿಗೆ ಅದು ಇಲ್ಲದ ಗದ್ದೆ. ಆ ಸಂಜೆಯಿಂದ ಮಗನಿಗೂ ಹಾಗೆಯೇ.

ಈಗ ಹಜಾರದಲ್ಲಿ ಹಳೆಯ ಪಟವನ್ನು ತೆಗೆದು, ಅದರ ಜಾಗದಲ್ಲಿ ಮುದುಕನು ಕುಳಿತಿರುವ ಧಕ್ಕೆಯ ಪಟವನ್ನೂ ಯಾರೂ ಇಲ್ಲದ ಕೆರೆಯ ಪಟವನ್ನೂ ಜೊತೆಯಾಗಿ ತೂಗುಹಾಕಿದ್ದಾರೆ. ಮನೆಗೆ ಬಂದವರು ಮೊದಲನೆಯದನ್ನು ಮೆಚ್ಚುತ್ತಾರೆ. ಎರಡನೆಯದರಲ್ಲಿ ಏನಿದೆಯೆಂದು ಕೇಳುತ್ತಾರೆ.

ಆ ಸಂಜೆ ಷಟರ್ ಮುಚ್ಚಿದ ಸದ್ದು ಕೇಳಿ ಮುದುಕನು, “ಆಯಿತೇನಪ್ಪಾ?” ಎಂದಿದ್ದನು.

“ಇಲ್ಲಪ್ಪಾ. ಇನ್ನೂ ಅಷ್ಟೇ ಹೊತ್ತು ಅದು ಕತ್ತಲೆಯನ್ನು ನೋಡಬೇಕು.”

“ನೋಡಲಿ ಬಿಡು. ಅಷ್ಟರೊಳಗೆ ಕೋಡಿಯ ಕಡೆಗೂ ಹೋಗಿಬರೋಣ ಬಾ.”