ಮಳೆ ರೂಪಿಸಿದ ತೋಟಗಳು

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಮೂರು ನಾಲ್ಕು ದಿನ ತೋಟದಿಂದ ತೋಟಕ್ಕೆ ಸುತ್ತುವ ಪ್ರವಾಸದ ಹಿಂದೆ ಒಂದು ಉದಾರ ಪದ್ಧತಿಯಿದೆ. 1927ರಲ್ಲಿ ಅಲ್ಲಿ 609 ತೋಟಗಳ ಒಡೆಯರು, ಮನೆಮನೆಗೆ ಹೋಗಿ ರೋಗಿಗಳ ಆರೈಕೆ ಮಾಡುವ ದಾದಿಯರ ನಿಧಿಗಾಗಿ, ತಲೆಗೊಂದು ಷಿಲಿಂಗ್ ಪಡೆದು ತಮ್ಮ ಖಾಸಗಿ ತೋಟಗಳನ್ನು ಸಾರ್ವಜನಿಕರಿಗೆ ತೆರೆದರು. ಆ ಕ್ರಮ ಇಂದಿಗೂ ನಡೆದುಬಂದಿದೆ. ಅಲ್ಲಿನ ತೋಟಗಳಿಗೆ ಚೆಲುವು ತರುವ ಹಸಿರು ಹುಲ್ಲುಹಾಸನ್ನು ಸಾಧ್ಯವಾಗಿಸುವುದು, ತೋಟಗಾರನ ಕೈಚಳಕದಷ್ಟೇ, ವರ್ಷವಿಡೀ ಹನಿಯುವ ಹದವಾದ ಮಳೆ. ತೋಟದ ರೂಪವನ್ನು ಮಳೆಯೇ ನಿರ್ಧರಿಸುತ್ತದೆ ಎಂಬ ಈ ಮಾತಿಗೆ ಶಿರೂರಿನ ಆಸುಪಾಸು ಇನ್ನೂ ಸ್ಪಷ್ಟವಾದ ನಿದರ್ಶನ.

ಉಡುಪಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಭಟ್ಕಳಕ್ಕೆ ತಾಗಿಕೊಂಡಿರುವ ಶಿರೂರಿನಲ್ಲಿ ಸಹ್ಯಾದ್ರಿಯೂ ಕಡಲೂ ಪರಸ್ಪರ ಹತ್ತಿರ ಬರುತ್ತವೆ. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು, ಆಮೇಲೆ ನೆಲ ತಿಂಗಳುಗಟ್ಟಲೆ ಒಣಗುವುದರಿಂದ, ಮಳೆಗಾಲದಲ್ಲಿ ನೀರನ್ನು ಹೊರಹಾಕುವುದು, ಬೇಸಿಗೆಯಲ್ಲಿ ತೇವವನ್ನು ಉಳಿಸಿಕೊಳ್ಳುವುದು ಎಂಬ ಎರಡು ವಿರುದ್ಧ ಕೆಲಸಗಳನ್ನು ಇಲ್ಲಿಯ ತೋಟ ಒಟ್ಟಿಗೆ ಮಾಡಬೇಕಾಗುತ್ತದೆ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಕರಾವಳಿಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಊರೂರಿನ ಮಣ್ಣು, ಬೆಳೆ, ತೋಟಗಳನ್ನು ದಿನಚರಿಯಾಗಿ ಬರೆದಿಟ್ಟನು. ಅವನ ನೋಟ ಮುಖ್ಯವಾಗಿ ಆಡಳಿತದ ಅಗತ್ಯಕ್ಕೆ ಸಂಬಂಧಿಸಿದ್ದಾದರೂ, ತೋಟವನ್ನು ಅದರ ಕೆಲಸದಿಂದ ಅರಿಯಬೇಕೆಂಬ ಅವನ ಕ್ರಮ ಇಂದಿನ ಪ್ರವಾಸಿಗೂ ಉಪಯುಕ್ತ.

ಇಲ್ಲಿ ತೋಟದಿಂದ ತೋಟಕ್ಕೆ ಸುತ್ತುವ ಪ್ರವಾಸವು ನೀರಿನ ದಾರಿಯನ್ನೇ ಹಿಡಿಯಬೇಕು. ಮೊದಲ ದಿನಕ್ಕೆ ತಕ್ಕದ್ದು ಬೆಟ್ಟದ ಬುಡದ ಅಡಿಕೆ ತೋಟ: ಸುಮಾರು ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಮರಗಳು, ಅವುಗಳನ್ನು ಹಬ್ಬಿದ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ಸಾಲುಗಳ ಮಧ್ಯೆ ನೀರು ಬಸಿಯುವ ಕಾಲುವೆ. ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆರೋಗವನ್ನು ತಡೆಯಲು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಸಿಂಪಡಿಸುತ್ತಾರೆ. ತೋಟದ ಬುಡಕ್ಕೆ ಬೇಕಾದ ಸೊಪ್ಪು, ತರಗೆಲೆ ಬರುವುದು ಪಕ್ಕದ ಹಾಡಿಯಿಂದ, ಅಂದರೆ ಮರಗಿಡಗಳು ಬೆಳೆದ ಸಣ್ಣ ಕಾಡಿನಿಂದ. ಪಟ್ಟಾ ಜಮೀನಿಗೆ ತಾಗಿದ ಸರಕಾರಿ ಭೂಮಿಯಲ್ಲಿ ನೂರು ಗಜದವರೆಗೆ ಸೊಪ್ಪು ಸೌದೆ ತರಲು ಸಾಗುವಳಿದಾರನಿಗಿರುವ ಸೌಲಭ್ಯವೇ ಕುಮ್ಕಿ. ಆದ್ದರಿಂದ ಅಡಿಕೆ ತೋಟದ ನಿಜವಾದ ಗಡಿ ಅದರ ಬೇಲಿಯಾಚೆಗೂ ಚಾಚಿರುತ್ತದೆ.

ಎರಡನೆಯ ದಿನ ನೋಡಬೇಕಾದದ್ದು ಮನೆಯ ಹಿತ್ತಿಲು. ಭಟ್ಕಳದ ಕಡೆಯ ಮಲ್ಲಿಗೆಗೆ ದೊಡ್ಡ ಹೆಸರಿದೆ. ಅರಳುವ ಮೊದಲೇ ಮೊಗ್ಗನ್ನು ಬೆಳಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಂದೇ ಮಾರಾಟಕ್ಕೆ ಕಳುಹಿಸಬೇಕಾದ ಈ ಬೆಳೆ ಹೆಚ್ಚಾಗಿ ಹೆಂಗಸರ ದುಡಿಮೆಯ ಮೇಲೆ ನಿಂತಿದೆ. ಉಡುಪಿ ಜಿಲ್ಲೆಯದೇ ಆದ ಶಂಕರಪುರದ ಮಲ್ಲಿಗೆ ಮಾರುಕಟ್ಟೆಯಲ್ಲಿ, ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿ ಒಂದು ಅಟ್ಟೆಯಾಗುವ ಲೆಕ್ಕದ ಮೇಲೆ ದರ ನಿಗದಿಯಾಗುತ್ತದೆ. ಹಬ್ಬ ಮದುವೆಗಳ ದಿನಗಳಲ್ಲಿ ಅದು ಏರಿದಾಗ ಹಿತ್ತಿಲ ಕೆಲವೇ ಗಿಡಗಳು ಮನೆಯ ಖರ್ಚಿಗೆ ಒದಗುತ್ತವೆ. ಮೂರನೆಯ ದಿನದ ದಾರಿ ಕಡಲಂಚಿನ ಮರಳು ನೆಲದ ತೆಂಗಿನ ತೋಪಿನಲ್ಲಿ ಮುಗಿಯುತ್ತದೆ. ಅಡಿಕೆ ತಾಳಲಾರದ ಉಪ್ಪುಗಾಳಿಯನ್ನು ತೆಂಗು ತಾಳಿಕೊಳ್ಳುವುದರಿಂದ, ಬೆಟ್ಟದಿಂದ ಬಂದ ತೋಡು ಸಮುದ್ರ ಸೇರುವೆಡೆಯಲ್ಲಿ ತೋಟದ ಮರವೂ ಬದಲಾಗಿರುತ್ತದೆ.

ಇಂಥ ತೋಟಗಳನ್ನು ನೋಡಲು ಮಳೆ ನಿಂತು ತೋಡಿನಲ್ಲಿ ನೀರು ಇನ್ನೂ ಹರಿಯುವ, ಅಡಿಕೆ ಕೊಯ್ಲು ಆರಂಭವಾಗುವ ನವೆಂಬರ್ ಒಳ್ಳೆಯ ಕಾಲ. ವರ್ಷಕ್ಕೆ ಒಂದೆರಡು ದಿನ ಒಪ್ಪುವ ಮನೆಯವರು ತೋಟ ತೆರೆದು, ಬಂದವರು ಕೊಡುವ ಸಣ್ಣ ಮೊತ್ತವನ್ನು ಊರಿನ ಶಾಲೆಗೋ ರೋಗಿಗಳ ಆರೈಕೆಗೋ ಮೀಸಲಿಟ್ಟರೆ, ಇಂಗ್ಲೆಂಡಿನ ಆ ಪದ್ಧತಿಯ ತಿರುಳು ಇಲ್ಲಿಯೂ ಬೇರೂರಬಲ್ಲದು. ಹುಲ್ಲುಹಾಸನ್ನು ಅಲ್ಲಿಂದ ತರಬೇಕಾದ ಅಗತ್ಯ ಕರಾವಳಿಗಿಲ್ಲ. ತನ್ನ ಹಿತ್ತಿಲೂ ತೋಟವೂ ನೋಡಲು, ಕಲಿಯಲು, ಕಾಪಾಡಲು ಯೋಗ್ಯವೆಂಬ ವಿಶ್ವಾಸ ಅದಕ್ಕೆ ಬೇಕಾಗಿದೆ.